ತಕ್ಕಡಿಯ ಮಾತು, ಗಣಕದ ಕಿವಿ

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣಕ್ಕೆ ಹರಾಜಿನ ದಿನ ಕಾಲಿಟ್ಟರೆ ಕಣ್ಣಿಗೆ ಮೊದಲು ಬೀಳುವುದು ಚೀಲಗಳ ಸಾಲು, ಮೂಗಿಗೆ ಬಡಿಯುವುದು ಕೊಬ್ಬರಿಯ ಘಮ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಗಿಟುಕು ಚಿಪ್ಪಿನೊಳಗೆ ಲೊಡಲೊಡ ಎನ್ನುವ ಹೊತ್ತಿಗೆ ಕಾಯಿ ಸುಲಿದು, ಚಿಪ್ಪು ಒಡೆದು ತೆಗೆದ ಉಂಡೆ ಕೊಬ್ಬರಿ ಅದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳ ಒಂದು ವರ್ಷದ ಕಾಯುವಿಕೆ ಆ ಚೀಲಗಳಲ್ಲಿದೆ. ಹಮಾಲಿ ಚೀಲವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಳಿಸುತ್ತಾನೆ. ಕೆಂಪು ಅಂಕಿಗಳು ಒಂದು ಕ್ಷಣ ಕುಣಿದು ನಿಲ್ಲುತ್ತವೆ. ರೈತನ ಕಣ್ಣು ಆ ಅಂಕಿಯ ಮೇಲೆ.

ಇದೇ ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಇನ್ನೊಂದು ತೂಕ ನಡೆಯುತ್ತದೆ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ಸಾಲು. ಸಂಘದ ಕಾರ್ಯದರ್ಶಿ ಹಾಲನ್ನು ಅಳೆದು, ಮಾದರಿ ತೆಗೆದು ಪರೀಕ್ಷಾ ಯಂತ್ರಕ್ಕೆ ಕೊಡುತ್ತಾರೆ. ಕೊಬ್ಬಿನಂಶ ಎಷ್ಟು, ಕೊಬ್ಬೇತರ ಘನಾಂಶ ಎಷ್ಟು ಎಂಬುದರ ಮೇಲೆ ದರ. ಯಂತ್ರೀಕೃತ ಡೇರಿಗಳಲ್ಲಿ ತಕ್ಕಡಿ, ಪರೀಕ್ಷಾ ಯಂತ್ರ, ಮುದ್ರಕ ಮೂರೂ ತಂತಿಗಳ ಮೂಲಕ ಒಂದು ಗಣಕಯಂತ್ರಕ್ಕೆ ಸೇರಿರುತ್ತವೆ. ಹಾಲು ಸುರಿದ ಕೆಲವೇ ಕ್ಷಣಗಳಲ್ಲಿ ಚೀಟಿ ಕೈಗೆ ಬರುತ್ತದೆ.

ಕೈಯಲ್ಲಿ ಬರೆದ ಚೀಟಿಯಲ್ಲಿ ತಪ್ಪಾದರೆ ಬರೆದವರನ್ನು ಕೇಳಬಹುದು. ತಂತಿಯಲ್ಲಿ ಹರಿದು ಬಂದ ಅಂಕಿ ತಪ್ಪಾದರೆ ಯಾರನ್ನು ಕೇಳುವುದು? ತಕ್ಕಡಿ ಸರಿಯಾಗಿಯೇ ತೂಗಿರುತ್ತದೆ. ಗಣಕಯಂತ್ರ ಸರಿಯಾಗಿಯೇ ಲೆಕ್ಕ ಹಾಕಿರುತ್ತದೆ. ಆದರೂ ಒಂದು ಹೇಳಿದ್ದನ್ನು ಇನ್ನೊಂದು ಬೇರೆಯಾಗಿ ಕೇಳಿಸಿಕೊಂಡಿರಬಹುದು! ಈ ಎಡೆಯಲ್ಲಿ ಕೂತು ಕೆಲಸ ಮಾಡುವ ಪುಟ್ಟ ತಂತ್ರಾಂಶವೊಂದರ ಕಥೆ ಇದು.

ದುಭಾಷಿಯ ಕೆಲಸ

ಆ ತಂತ್ರಾಂಶಕ್ಕೆ ಗಣಕ ಲೋಕದಲ್ಲಿ 'ಡ್ರೈವರ್' ಎಂದು ಹೆಸರು. ಹೆಸರು ಕೇಳಿ ಲಾರಿ ಓಡಿಸುವವನನ್ನು ನೆನೆಯಬೇಕಾಗಿಲ್ಲ. ಇವನು ದುಭಾಷಿ. ಹೊರಗಿನ ಯಂತ್ರ ಕಳಿಸುವ ಸಂಕೇತಗಳನ್ನು ಗಣಕಕ್ಕೆ ಅರ್ಥವಾಗುವ ಅಂಕಿಯಾಗಿಯೂ, ಗಣಕದ ಆಜ್ಞೆಯನ್ನು ಯಂತ್ರಕ್ಕೆ ತಿಳಿಯುವ ಸಂಕೇತವಾಗಿಯೂ ಬದಲಾಯಿಸುವವನು. ಮುದ್ರಕಕ್ಕೊಂದು, ಕೀಲಿಮಣೆಗೊಂದು, ತಕ್ಕಡಿಗೊಂದು ಡ್ರೈವರ್ ಬೇಕು.

ದುಭಾಷಿಗೆ ಎರಡೂ ಭಾಷೆ ಬರಬೇಕು. ಯಂತ್ರದ ಭಾಷೆಯನ್ನು ಕಲಿಸುವುದು ಅದನ್ನು ತಯಾರಿಸಿದವರು ಕೊಡುವ ಕೈಪಿಡಿ. ಯಾವ ವೇಗದಲ್ಲಿ ಮಾತಾಡುತ್ತದೆ, ಯಾವ ಅಕ್ಷರದಿಂದ ಶುರು ಮಾಡಿ ಯಾವುದರಲ್ಲಿ ನಿಲ್ಲಿಸುತ್ತದೆ, ನಡುವಿನ ಅಂಕಿಗಳ ಅರ್ಥವೇನು ಎಂಬುದೆಲ್ಲ ಅದರಲ್ಲಿರಬೇಕು. ತೊಡಕು ಶುರುವಾಗುವುದು ಇಲ್ಲಿಯೇ. ಕೈಪಿಡಿ ಬರೆದವರಿಗೆ ತಮ್ಮ ಯಂತ್ರ ಚೆನ್ನಾಗಿ ಗೊತ್ತು. ಗೊತ್ತಿದ್ದವರು ಬರೆಯುವಾಗ ಕೆಲವು ಮಾತುಗಳನ್ನು ಹೇಳುವುದೇ ಬೇಡವೆಂದುಕೊಳ್ಳುತ್ತಾರೆ. ಓದುವವರು ಅದೇ ಜಾಗದಲ್ಲಿ ಊಹೆ ಮಾಡುತ್ತಾರೆ. ಎರಡು ಅರ್ಥ ಬರುವ ಒಂದು ವಾಕ್ಯ ಸಾಕು, ಇಬ್ಬರು ಡ್ರೈವರ್ ಬರೆದರೆ ಎರಡು ಬಗೆಯ ಚೀಟಿ ಬರುತ್ತದೆ.

ಕಲ್ಪತರು ನಾಡಿನ ಹಿರಿಯರಿಗೆ ಇದು ಹೊಸ ವಿಷಯವೇನಲ್ಲ. ಸೇರು ಎಂದರೆ ಕಚ್ಚಾ ಸೇರೋ ಪಕ್ಕಾ ಸೇರೋ, ಅಳತೆಯ ಸೇರೋ ತೂಕದ ಸೇರೋ ಎಂದು ಕೇಳದೆ ವ್ಯವಹಾರ ಮಾಡಿದವರು ಕೈಸುಟ್ಟುಕೊಂಡ ಕಾಲವೊಂದಿತ್ತು. ಮಣದ ತೂಕವೂ ಸೀಮೆಯಿಂದ ಸೀಮೆಗೆ ಬೇರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, ಮುಂದಿನ ವರ್ಷಗಳಲ್ಲಿ ಕಿಲೋ, ಲೀಟರು ಜಾರಿಯಾದ ಮೇಲೆ ಆ ಗೊಂದಲ ತಣ್ಣಗಾಯಿತು. ಅದೇ ಬಗೆಯ ಗೊಂದಲ ಈಗ ತಂತಿಯೊಳಗೆ ಸೇರಿಕೊಂಡಿದೆ.

ತಂತಿಗೆ ನಿಯಮ, ಮಾತಿಗೆ ಇಲ್ಲ

ತಕ್ಕಡಿಗಳ ಹಿಂಬದಿಯಲ್ಲಿ ಬಹಳಷ್ಟು ಸಲ ಕಾಣುವ ಒಂಬತ್ತು ಸೂಜಿಗಳ ಕಿಂಡಿಗೆ 'ಆರ್‌ಎಸ್-232' ಎಂಬ ಹೆಸರಿದೆ. ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮಗಳ ಸಂಘಟನೆ 1960ರಲ್ಲಿ ಇದನ್ನು ಮಾನಕವಾಗಿ ಹೊರತಂದಿತು. 1969ರಲ್ಲಿ ಬಂದ ಇದರ 'ಸಿ' ಆವೃತ್ತಿ ಜಗತ್ತಿನಾದ್ಯಂತ ಹಬ್ಬಿತು. ಟೆಲಿಪ್ರಿಂಟರನ್ನು ದೂರವಾಣಿ ತಂತಿಯ ಮೋಡೆಮ್‌ಗೆ ಜೋಡಿಸಲೆಂದು ಹುಟ್ಟಿದ ಈ ವ್ಯವಸ್ಥೆ ಕೊಬ್ಬರಿ ತೂಗುವ ತಕ್ಕಡಿಗೂ ಬಂದು ಸೇರಿದ್ದು ಸೋಜಿಗವೇ.

ಈ ಮಾನಕ ಏನನ್ನು ಹೇಳುತ್ತದೆ? ತಂತಿಯಲ್ಲಿ ಎಷ್ಟು ವೋಲ್ಟ್ ಇದ್ದರೆ ಸೊನ್ನೆ, ಎಷ್ಟಿದ್ದರೆ ಒಂದು. ಯಾವ ಸೂಜಿ ಯಾವುದಕ್ಕೆ ಎಂಬಷ್ಟನ್ನು. ಅಲ್ಲಿಯೂ ಒಂದು ತಮಾಷೆ ಇದೆ. ಧನ ವೋಲ್ಟ್ ಎಂದರೆ ಸೊನ್ನೆ, ಋಣ ವೋಲ್ಟ್ ಎಂದರೆ ಒಂದು! ತಂತಿಯ ಒಂದು ತುದಿಯಲ್ಲಿ ಟರ್ಮಿನಲ್, ಇನ್ನೊಂದರಲ್ಲಿ ಮೋಡೆಮ್ ಇರುತ್ತದೆ ಎಂದು ಅದು ಭಾವಿಸಿತ್ತು. ತಕ್ಕಡಿ ಇವೆರಡರಲ್ಲಿ ಯಾವುದು? ಒಬ್ಬ ತಯಾರಕ ಟರ್ಮಿನಲ್ ಎಂದುಕೊಂಡ, ಇನ್ನೊಬ್ಬ ಮೋಡೆಮ್ ಎಂದುಕೊಂಡ. ಫಲವಾಗಿ ಕೆಲವು ಕಡೆ ಮಾತನಾಡುವ ತಂತಿ ಮಾತನಾಡುವ ತಂತಿಗೇ ಸೇರಿ, ಎರಡೂ ಕಡೆ ಬಾಯಿ, ಕಿವಿಯೇ ಇಲ್ಲ ಎಂಬಂತಾಗುತ್ತದೆ. ಒಳಗೆ ತಂತಿಗಳನ್ನು ಅದಲುಬದಲು ಮಾಡಿದ ಬೇರೊಂದು ಕೇಬಲ್ ತಂದರೆ ಮಾತು ಹರಿಯುತ್ತದೆ.

ಇಷ್ಟಾದರೂ ಅದು ಬರೀ ತಂತಿಯ ನಿಯಮ. ಆ ತಂತಿಯಲ್ಲಿ ಹರಿಯುವ ಮಾತಿನ ವ್ಯಾಕರಣದ ಬಗ್ಗೆ ಈ ಮಾನಕ ಚಕಾರ ಎತ್ತುವುದಿಲ್ಲ. ರಸ್ತೆ ಎಷ್ಟು ಅಗಲವಿರಬೇಕೆಂದು ಹೇಳಿ, ಎಡಕ್ಕೆ ಹೋಗಬೇಕೋ ಬಲಕ್ಕೋ ಎಂಬುದನ್ನು ಹೇಳದೆ ಬಿಟ್ಟಂತೆ. ಹಾಗಾಗಿ ಪ್ರತಿಯೊಬ್ಬ ತಯಾರಕನೂ ತನ್ನದೇ ವ್ಯಾಕರಣ ಮಾಡಿಕೊಂಡ. ಒಂದು ತಕ್ಕಡಿ ಕೇಳಿದಾಗ ಮಾತ್ರ ತೂಕ ಹೇಳುತ್ತದೆ. ಇನ್ನೊಂದು ಬಿಡುವಿಲ್ಲದೆ ಸೆಕೆಂಡಿಗೆ ಹಲವು ಸಲ ಹೇಳುತ್ತಲೇ ಇರುತ್ತದೆ. ಒಂದು ದಶಮಾಂಶ ಬಿಂದುವನ್ನು ಅಂಕಿಯ ನಡುವೆಯೇ ಕಳಿಸುತ್ತದೆ. ಇನ್ನೊಂದು '000515' ಎಂದಷ್ಟೇ ಕಳಿಸಿ, ಬಿಂದು ಎಲ್ಲಿದೆ ಎಂಬುದನ್ನು ಬೇರೊಂದು ಬೈಟಿನೊಳಗೆ ಅಡಗಿಸಿಡುತ್ತದೆ. ಆ ಬೈಟನ್ನು ಓದದ ಡ್ರೈವರ್‌ಗೆ ಅದು 51.5 ಕಿಲೋ ಆಗಬಹುದು, 5.15 ಆಗಬಹುದು, 515 ಕೂಡ ಆಗಬಹುದು.

ಐವತ್ತು ಸರಿ, ಐವತ್ತೊಂದು ತಪ್ಪು

ಕೈಪಿಡಿಯ ಒಂದು ಸಾಲು ಬಿಟ್ಟುಹೋದರೆ ಎಂಥ ವಿಚಿತ್ರ ನಡೆಯಬಹುದೆಂಬುದಕ್ಕೆ ಈ ಉದಾಹರಣೆ ನೋಡಿ.

ತಕ್ಕಡಿ ಪ್ರತಿ ಅಂಕಿಯನ್ನೂ ಏಳು ಬಿಟ್‌ಗಳ ಸಂಕೇತವಾಗಿ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಕೆಟ್ಟರೆ ಗೊತ್ತಾಗಲೆಂದು ಎಂಟನೆಯ ಬಿಟ್ ಒಂದನ್ನು ಸೇರಿಸುತ್ತದೆ. ಒಟ್ಟು 'ಒಂದು'ಗಳ ಸಂಖ್ಯೆ ಸಮಸಂಖ್ಯೆಯಾಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಕೈಪಿಡಿಯಲ್ಲಿ '9600 ವೇಗ' ಎಂದು ಮಾತ್ರ ಬರೆದಿದೆ, ಈ ಕಾವಲು ಬಿಟ್‌ನ ಮಾತಿಲ್ಲ. ಡ್ರೈವರ್ ಬರೆದಾತ ಎಂಟೂ ಬಿಟ್ ಅಂಕಿಯದೇ ಎಂದುಕೊಂಡ. ಒಟ್ಟು ಉದ್ದ ಎರಡರಲ್ಲೂ ಒಂದೇ ಆದ್ದರಿಂದ ಗಣಕ ದೂರು ಹೇಳುವುದಿಲ್ಲ.

ಆಗ 0, 3, 5, 6, 9 ಈ ಐದು ಅಂಕಿಗಳು ಸರಿಯಾಗಿಯೇ ಬರುತ್ತವೆ. ಏಕೆಂದರೆ ಅವುಗಳ ಸಂಕೇತದಲ್ಲಿ 'ಒಂದು'ಗಳು ಮೊದಲೇ ಸಮಸಂಖ್ಯೆಯಲ್ಲಿವೆ. 1, 2, 4, 7, 8 ಮಾತ್ರ ರೂಪ ಬದಲಿಸಿ ಗುರುತು ಸಿಗದ ಅಕ್ಷರಗಳಾಗಿ ಬರುತ್ತವೆ. ಗುರುತು ಸಿಗದ್ದನ್ನು ಕಸವೆಂದು ಬಿಸಾಡುವ ಡ್ರೈವರ್ ಆಗಿದ್ದರೆ?

ಪರೀಕ್ಷೆಗೆಂದು 50 ಕಿಲೋ ತೂಕದ ಕಲ್ಲು ಇಟ್ಟು ನೋಡಿದರೆ ಪರದೆಯ ಮೇಲೆ 50.0 ಎಂದು ಸೊಗಸಾಗಿ ಮೂಡುತ್ತದೆ. ಎಲ್ಲರೂ ಒಪ್ಪಿ ಸಹಿ ಹಾಕುತ್ತಾರೆ. ಮರುದಿನ 51.5 ಕಿಲೋದ ಚೀಲ ಬಂದರೆ 'ಒಂದು' ಉದುರಿ 5.5 ಆಗುತ್ತದೆ. ಇದು ಯಾರ ಕಣ್ಣಿಗಾದರೂ ಬೀಳುವ ತಪ್ಪು. ಆದರೆ 50.8 ಕಿಲೋದ ಚೀಲ ಬಂದರೆ? 'ಎಂಟು' ಮಾತ್ರ ಉದುರಿ 50 ಉಳಿಯುತ್ತದೆ. ಇದು ಯಾರ ಕಣ್ಣಿಗೂ ಬೀಳದ ತಪ್ಪು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ 800 ಗ್ರಾಂ ಎಂದರೆ 96 ರೂಪಾಯಿ 80 ಪೈಸೆ. ಒಂದು ಚೀಲಕ್ಕೆ! ಬಿಂದುವಿನ ನಂತರ ಒಂದೇ ಅಂಕಿ ಇರುವ ಇಂಥ ತೂಕದಲ್ಲಿ ಅಂಕಿ ಉದುರುವ ತಪ್ಪು ತೂಕವನ್ನು ಎಂದೂ ಹೆಚ್ಚು ಮಾಡುವುದಿಲ್ಲ. ಕಳೆದುಕೊಳ್ಳುವವನು ಪ್ರತಿ ಸಲವೂ ಮಾಲು ತಂದವನೇ.

ಚೀಲದ ತೂಕ ಎಷ್ಟು ಸಲ ಕಳೆಯಬೇಕು?

ಎರಡನೆಯ ಉದಾಹರಣೆ ಇನ್ನೂ ಸರಳ. ಕೊಬ್ಬರಿ ತುಂಬಿದ ಚೀಲ ತೂಗಿದಾಗ ಚೀಲದ ತೂಕ ಕಳೆಯುವುದು ವಾಡಿಕೆ. ಚೀಲಸಹಿತ ತೂಕ ಒಂದು, ನಿವ್ವಳ ತೂಕ ಇನ್ನೊಂದು. ಕೆಲವು ತಕ್ಕಡಿಗಳು ಎರಡಕ್ಕೂ ಬೇರೆ ಬೇರೆ ಗುರುತಿನ ಅಕ್ಷರ ಕಳಿಸುತ್ತವೆ. ಕೆಲವು ಕೈಪಿಡಿಗಳಲ್ಲಿ ಮಾತ್ರ 'ತೂಕ' ಎಂಬ ಒಂದೇ ಪದ. ಯಾವ ತೂಕ? ತಕ್ಕಡಿ ತಾನೇ ಚೀಲ ಕಳೆದು ನಿವ್ವಳವನ್ನು ಕಳಿಸುತ್ತಿದ್ದು, ಗಣಕವೂ ಮತ್ತೊಮ್ಮೆ ಕಳೆದರೆ ಒಂದೇ ಚೀಲ ಎರಡು ಸಲ ಕಳೆದುಹೋಗುತ್ತದೆ. ಗೋಣಿಚೀಲ 600 ಗ್ರಾಂ ಇದ್ದರೆ ಅದೇ ಬೆಂಬಲ ಬೆಲೆಯ ಲೆಕ್ಕದಲ್ಲಿ 72 ರೂಪಾಯಿ 60 ಪೈಸೆ ಹೋಯಿತು. ತಕ್ಕಡಿಯೂ ಕಳೆಯದೆ ಗಣಕವೂ ಕಳೆಯದಿದ್ದರೆ ಅಷ್ಟೇ ಹಣ ಕೊಳ್ಳುವವನ ಜೇಬಿನಿಂದ ಹೋಯಿತು.

'ತೂಕ ಸ್ಥಿರವಾಗಿದೆ' ಎಂಬ ಗುರುತಿನದೂ ಇಂಥದೇ ಪಾಡು. ಚೀಲ ಇಳಿಸಿದ ಕ್ಷಣದಲ್ಲಿ ಅಂಕಿ ಮೇಲೆ ಕೆಳಗೆ ಆಡುತ್ತದೆ. ಅದು ನಿಂತಿತೆಂದು ತಕ್ಕಡಿ ಹೇಳುವವರೆಗೆ ಡ್ರೈವರ್ ಕಾಯಬೇಕು. ಎಷ್ಟು ಹೊತ್ತು ಅಲುಗದಿದ್ದರೆ 'ನಿಂತಿತು' ಎಂದು ಲೆಕ್ಕ? ಗುರುತೇ ಬಾರದಿದ್ದರೆ ನಿಂತಿದೆ ಎಂದೋ, ನಿಂತಿಲ್ಲ ಎಂದೋ? ಕೈಪಿಡಿ ಸುಮ್ಮನಿದ್ದರೆ ಡ್ರೈವರ್ ಬರೆಯುವವನೇ ತೀರ್ಮಾನಿಸಬೇಕು.

ಬಿಡುವಿಲ್ಲದೆ ಮಾತಾಡುವ ತಕ್ಕಡಿಯಲ್ಲಿ ಇನ್ನೆರಡು ಗುಂಡಿಗಳಿವೆ. ಗಣಕ ನಡುಸಾಲಿನಲ್ಲಿ ಕಿವಿಗೊಟ್ಟರೆ 51.5ರ ಬದಲು ಬಾಲದ 1.5 ಮಾತ್ರ ಕೇಳಿಸುತ್ತದೆ. ಮೊದಲ ತುಂಡು ಸಾಲನ್ನು ಬಿಟ್ಟುಬಿಡಬೇಕೆಂಬುದು ಅನುಭವಸ್ಥರಿಗೆ ಗೊತ್ತು. ಎರಡನೆಯದು ಹಳಸಿದ ತೂಕ. ಬಂದ ಸಾಲುಗಳೆಲ್ಲ ಗಣಕದೊಳಗೆ ಒಂದರ ಹಿಂದೊಂದು ಸರದಿ ನಿಂತಿರುತ್ತವೆ. ಗುಂಡಿ ಒತ್ತಿದಾಗ ಡ್ರೈವರ್ ಸರದಿಯ ಮೊದಲ ಸಾಲನ್ನು ಎತ್ತಿಕೊಂಡರೆ ಅದು ಈಗಿನ ಚೀಲದ್ದಲ್ಲ, ಆಗಲೇ ಇಳಿಸಿ ಹೋದ ಚೀಲದ್ದು. ಒಬ್ಬರ ಕೊಬ್ಬರಿಯ ತೂಕ ಇನ್ನೊಬ್ಬರ ಹೆಸರಿಗೆ! ಕೇಬಲ್ ಸಡಿಲವಾಗಿ ಕಿತ್ತುಬಂದಾಗಲೂ ಹೀಗೆಯೇ. ಕೊನೆಯ ಅಂಕಿ ಪರದೆಯ ಮೇಲೆ ಜೀವಂತವಾಗಿರುವಂತೆ ಕೂತೇ ಇರುತ್ತದೆ.

ಕಿಲೋ ಎಂದರೋ, ಲೀಟರ್ ಎಂದರೋ?

ಡೇರಿಯ ಕಡೆ ತಿರುಗಿದರೆ ಅಲ್ಲಿ ಮಾನದ ಪ್ರಶ್ನೆ. ಹಾಲು ನೀರಿಗಿಂತ ತುಸು ಭಾರ. ಒಂದು ಲೀಟರ್ ಹಾಲು ಸುಮಾರು ಒಂದು ಕಿಲೋ 30 ಗ್ರಾಂ ತೂಗುತ್ತದೆ. ಕೈಪಿಡಿಯಲ್ಲಿ 'ಪ್ರಮಾಣ: 10.30' ಎಂದಿದ್ದರೆ ಅದು ಕಿಲೋನೋ ಲೀಟರೋ? ಹತ್ತು ಲೀಟರ್ ಹಾಲನ್ನು ಒಂದು ಯಂತ್ರ 10.30 ಎನ್ನುತ್ತದೆ, ಇನ್ನೊಂದು 10.00 ಎನ್ನುತ್ತದೆ. ಎರಡೂ ನಿಜವೇ. ತಪ್ಪಾಗಿ ಅರ್ಥ ಮಾಡಿಕೊಂಡರೆ ನೂರಕ್ಕೆ ಮೂರರಷ್ಟು ಏರುಪೇರು. ದಿನಕ್ಕೆರಡು ಸಲ ಹಾಲು ಹಾಕುವ ಮನೆಗೆ ವರ್ಷಪೂರ್ತಿ ಈ ಮೂರರ ಲೆಕ್ಕ ಸಣ್ಣದಲ್ಲ.

ಮಾನದ ಗೊಂದಲಕ್ಕೆ ಬಲಿಯಾದ ಅತ್ಯಂತ ಪ್ರಸಿದ್ಧ ಯಂತ್ರ ಮಂಗಳ ಗ್ರಹದ ಬಳಿ ಕಳೆದುಹೋಯಿತು. ಅಮೆರಿಕದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ಸುತ್ತತೊಡಗಬೇಕಿತ್ತು. ಭೂಮಿಯ ಮೇಲಿನ ಒಂದು ತಂತ್ರಾಂಶ ಚಿಕ್ಕ ರಾಕೆಟ್‌ಗಳ ತಳ್ಳುವಿಕೆಯನ್ನು ಪೌಂಡ್ ಲೆಕ್ಕದಲ್ಲಿ ಬರೆದಿತ್ತು. ಅದನ್ನು ಓದಿದ ಇನ್ನೊಂದು ತಂತ್ರಾಂಶ ನ್ಯೂಟನ್ ಲೆಕ್ಕವೆಂದುಕೊಂಡಿತು. ವ್ಯತ್ಯಾಸ ಸುಮಾರು 4.45 ಪಟ್ಟು. ನೌಕೆ ಬೇಕಾದ್ದಕ್ಕಿಂತ ತೀರ ಕೆಳಗೆ ಇಳಿದು ನಾಶವಾಯಿತು. ಅಲ್ಲಿ ಒಪ್ಪಂದದ ಕಾಗದದಲ್ಲಿ ಮೆಟ್ರಿಕ್ ಮಾನವೇ ಬೇಕೆಂದು ಸ್ಪಷ್ಟವಾಗಿತ್ತು. ಆದರೆ ಬಂದ ಅಂಕಿ ಅದನ್ನು ಪಾಲಿಸಿದೆಯೇ ಎಂದು ಸಕಾಲದಲ್ಲಿ ಯಾರೂ ಖಚಿತಪಡಿಸಿಕೊಳ್ಳಲಿಲ್ಲ. ಸ್ಪಷ್ಟ ಬರಹ ಇದ್ದೂ ಹೀಗಾದರೆ ಅಸ್ಪಷ್ಟವಾಗಿದ್ದಲ್ಲಿ ಗತಿಯೇನು?

ಕಾಯಿಯ ಯಾವ ತುದಿ?

ತೋಟದ ಪಂಪ್‌ಸೆಟ್ಟಿನ ನಿಯಂತ್ರಣ ಪೆಟ್ಟಿಗೆ, ವಿದ್ಯುತ್ ಮೀಟರುಗಳಂಥ ಯಂತ್ರಗಳಲ್ಲಿ ಬಳಕೆಯಲ್ಲಿರುವ ಇನ್ನೊಂದು ಭಾಷೆ 'ಮಾಡ್‌ಬಸ್'. 1979ರಲ್ಲಿ ಮಾಡಿಕಾನ್ ಎಂಬ ಕಂಪನಿ ಇದನ್ನು ಹೊರತಂದಿತು. ಇದರಲ್ಲಿ ಅಂಕಿಗಳನ್ನು 16 ಬಿಟ್‌ಗಳ ಪುಟ್ಟ ಡಬ್ಬಿಗಳಲ್ಲಿ ಇಡುತ್ತಾರೆ. ಒಂದು ಡಬ್ಬಿಯಲ್ಲಿ 65,535ರವರೆಗೆ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಅಂಕಿಗೆ ಎರಡು ಡಬ್ಬಿ ಬೇಕು. ಎರಡರಲ್ಲಿ ದೊಡ್ಡ ಭಾಗ ಮೊದಲೋ, ಸಣ್ಣ ಭಾಗ ಮೊದಲೋ? ಡಬ್ಬಿಯೊಳಗಿನ ಕ್ರಮವನ್ನು ಹೇಳಿದ ಮಾನಕ ಈ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಒಬ್ಬ ತಯಾರಕ ಹೀಗೆ ಇಟ್ಟ, ಇನ್ನೊಬ್ಬ ಹಾಗೆ ಇಟ್ಟ. ಮೀಟರು 70,000 ಎಂದು ಹೇಳಿದ್ದನ್ನು ಡಬ್ಬಿ ಅದಲುಬದಲಾಗಿ ಓದಿದರೆ 29,25,52,705 ಆಗುತ್ತದೆ!

ಮೊದಲು ಯಾವ ತುದಿ ಎಂಬ ಈ ಜಗಳಕ್ಕೆ ಹೆಸರಿಟ್ಟವರು ಗಣಕ ವಿಜ್ಞಾನಿ ಡ್ಯಾನಿ ಕೊಹೆನ್. 1980ರ ಏಪ್ರಿಲ್ ಒಂದರಂದು ಬರೆದ ಲೇಖನದಲ್ಲಿ ಅವರು ಜೊನಾಥನ್ ಸ್ವಿಫ್ಟ್‌ನ ಗಲಿವರನ ಕಥೆಯನ್ನು ನೆನೆದರು. ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಚೂಪು ತುದಿಯಿಂದಲೋ ಎಂದು ಆ ಕಥೆಯಲ್ಲಿ ಎರಡು ಪಂಗಡಗಳು ಯುದ್ಧಕ್ಕೇ ಇಳಿಯುತ್ತವೆ. ಅದರಿಂದಾಗಿ ಗಣಕಗಳಲ್ಲೂ ದೊಡ್ಡ ತುದಿಯವರು, ಸಣ್ಣ ತುದಿಯವರು ಎಂಬ ಎರಡು ಕುಲಗಳಾದವು. ತಿಪಟೂರಿನವರು ಬರೆದಿದ್ದರೆ ಮೊಟ್ಟೆಯ ಬದಲು ಕಾಯಿ ಬರುತ್ತಿತ್ತೇನೋ, ಕಣ್ಣಿರುವ ಕಡೆಯೋ ಇಲ್ಲದ ಕಡೆಯೋ ಎಂದು! ಕೊಹೆನ್ ಹೇಳಿದ್ದಿಷ್ಟೆ: ಯಾವ ತುದಿಯಾದರೂ ಸರಿ, ಎಲ್ಲರೂ ಒಂದನ್ನು ಒಪ್ಪಿಕೊಳ್ಳುವುದು ಮುಖ್ಯ.

ಇಂಥ ಯಂತ್ರಗಳನ್ನು ಜೋಡಿಸುವ 'ಆರ್‌ಎಸ್-485' ಎಂಬ ಎರಡೆಳೆ ತಂತಿಯಲ್ಲೂ ಇದೇ ಕತೆ. ಮಾನಕ ಒಂದು ಎಳೆಯನ್ನು 'ಎ' ಎಂದು, ಇನ್ನೊಂದನ್ನು 'ಬಿ' ಎಂದು ಕರೆಯಿತು. ಚಿಪ್ ತಯಾರಕರಲ್ಲಿ ಅನೇಕರು ಅದನ್ನು ತಿರುವುಮುರುವಾಗಿ ಕರೆದರು. ಎ-ಗೆ ಎ, ಬಿ-ಗೆ ಬಿ ಸರಿಯಾಗಿ ಜೋಡಿಸಿದರೂ ಯಂತ್ರ ಮಾತಾಡದಿದ್ದರೆ, ಎರಡನ್ನೂ ಕಿತ್ತು ಅದಲುಬದಲು ಮಾಡಿ ನೋಡುವುದು ಕೆಲಸಗಾರರ ಮೊದಲ ಮದ್ದು.

ತಕ್ಕದ್ದು, ಬೇಕು, ಬಹುದು

ಅಸ್ಪಷ್ಟತೆಯ ಬೇರು ಬಹಳ ಸಲ ಕ್ರಿಯಾಪದದಲ್ಲಿರುತ್ತದೆ. ಕನ್ನಡದ ಸರ್ಕಾರಿ ಆದೇಶಗಳಲ್ಲಿ 'ಮಾಡತಕ್ಕದ್ದು' ಎಂದರೆ ತಪ್ಪಿಸುವಂತಿಲ್ಲ, 'ಮಾಡಬಹುದು' ಎಂದರೆ ಇಷ್ಟ. ಯಂತ್ರದ ಕೈಪಿಡಿಯಲ್ಲಿ 'ಕಳಿಸುತ್ತದೆ' ಎಂದು ಬರೆದರೆ ಯಾವಾಗಲೂ ಎಂದೋ, ಸಾಮಾನ್ಯವಾಗಿ ಎಂದೋ? ಅಂತರ್ಜಾಲದ ಮಾನಕ ಬರೆಯುವವರಿಗೂ ಈ ತಲೆನೋವು ಕಾಡಿತ್ತು. 1997ರಲ್ಲಿ ಸ್ಕಾಟ್ ಬ್ರಾಡ್ನರ್ ಮೂರೇ ಪುಟದ ಟಿಪ್ಪಣಿ ಬರೆದು, ತಕ್ಕದ್ದು, ಬೇಕು, ಬಹುದು ಎಂಬರ್ಥದ ಇಂಗ್ಲಿಷ್ ಪದಗಳಿಗೆ ಖಚಿತ ಅರ್ಥ ಕೊಟ್ಟರು. 'ಬೇಕು' ಎಂದಿದ್ದರೆ ತಕ್ಕ ಕಾರಣವಿದ್ದಾಗ ಮಾತ್ರ, ಪರಿಣಾಮವನ್ನು ಅರಿತು, ಬಿಡಬಹುದು. 'ತಕ್ಕದ್ದು' ಎಂದಿದ್ದರೆ ಬಿಡುವಂತೆಯೇ ಇಲ್ಲ. ಕೈಪಿಡಿ ಬರೆಯುವ ಎಲ್ಲರೂ ಈ ಶಿಸ್ತನ್ನು ಪಾಲಿಸಿದ್ದರೆ ಡ್ರೈವರ್ ಬರೆಯುವವರ ಅರ್ಧ ಭಾರ ಇಳಿಯುತ್ತಿತ್ತು.

ಕೊಡುವಾಗ ಕಟ್ಟುನಿಟ್ಟಾಗಿರು, ತೆಗೆದುಕೊಳ್ಳುವಾಗ ಉದಾರವಾಗಿರು ಎಂಬ ಅರ್ಥದ ಸೂತ್ರವೊಂದು ಗಣಕ ಲೋಕದಲ್ಲಿ ಪ್ರಸಿದ್ಧ. ಅಂತರ್ಜಾಲದ ಹಿರಿಯರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಇದನ್ನು ಮುಂದಿಟ್ಟರು. ಎದುರಿನವನ ಉಚ್ಚಾರ ತುಸು ತಪ್ಪಿದರೂ ಅರ್ಥ ಮಾಡಿಕೊಳ್ಳುವ ಸೌಜನ್ಯ ಅದು. ಅಂತರ್ಜಾಲ ಬೆಳೆಯಲು ಆ ಸೌಜನ್ಯ ನೆರವಾಯಿತು. ಆದರೆ ತಪ್ಪನ್ನು ಸಹಿಸಿಕೊಳ್ಳುತ್ತ ಹೋದರೆ ತಪ್ಪೇ ರೂಢಿಯಾಗುತ್ತದೆ ಎಂಬ ಎಚ್ಚರಿಕೆಯೂ 2023ರಲ್ಲಿ ಅದೇ ಬಳಗದ ಟಿಪ್ಪಣಿಯೊಂದರಲ್ಲಿ ಬಂದಿದೆ. ತೂಕದ ವಿಷಯದಲ್ಲಂತೂ ಉದಾರತೆಗೆ ಗಡಿ ಇರಲೇಬೇಕು. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಿದ್ದರೆ ಸಹಿಸಬಹುದು. ಅಂಕಿಯ ನಡುವೆ ಗುರುತು ಸಿಗದ ಅಕ್ಷರ ಬಂದರೆ ಇಡೀ ಸಾಲನ್ನೇ ತಿರಸ್ಕರಿಸಬೇಕು. 50.8 ಹೋಗಿ 50 ಆದ ಉದಾಹರಣೆ ಹುಟ್ಟಿದ್ದು ಅತಿಯಾದ ಉದಾರತೆಯಿಂದಲೇ.

ಬಲ್ಲವರು ಮಾಡುವುದೇನು?

ಅಸ್ಪಷ್ಟ ಕೈಪಿಡಿಯನ್ನು ಎದುರಿಸಲು ಅನುಭವಸ್ಥರು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ಪೆನ್ಸಿಲ್ ಹಿಡಿದು ಓದುವುದು. ಎರಡು ಅರ್ಥ ಬರುವ, ಅರ್ಥವೇ ಬಾರದ, ಹೇಳದೆ ಬಿಟ್ಟ ಜಾಗಗಳನ್ನೆಲ್ಲ ಪಟ್ಟಿ ಮಾಡುವುದು. ತಯಾರಕರನ್ನು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯುವುದು.

ಎರಡನೆಯದು, ತಂತಿಗೆ ನೇರವಾಗಿ ಕಿವಿಗೊಡುವುದು. ಡ್ರೈವರ್ ಬರೆಯುವ ಮೊದಲೇ ತಂತಿಯಲ್ಲಿ ಬರುವ ಪ್ರತಿ ಬೈಟನ್ನೂ ಹಾಗೆಹಾಗೆಯೇ ಬರೆದಿಟ್ಟುಕೊಂಡು, ಕೈಪಿಡಿಯೊಡನೆ ಹೋಲಿಸುವುದು. ಕಾಗದ ಹೇಳುವುದು ಒಂದು, ಯಂತ್ರ ಮಾಡುವುದು ಇನ್ನೊಂದು ಆಗಿದ್ದರೆ ಇಲ್ಲಿಯೇ ಬಯಲಾಗುತ್ತದೆ.

ಮೂರನೆಯದು, ಪ್ರಶ್ನೆ ಕೇಳುವಂಥ ತೂಕಗಳನ್ನು ಇಡುವುದು. ಬರೀ 50 ಕಿಲೋ ಇಟ್ಟು ಖುಷಿಪಟ್ಟರೆ ಸಾಲದು. ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಮೂಡುವ ತೂಕಗಳು ಬೇಕು. ಖಾಲಿ ತಕ್ಕಡಿ, ಚೀಲ ಕಳೆದ ಮೇಲೆ ಸೊನ್ನೆಗಿಂತ ಕೆಳಗಿಳಿದ ತೂಕ, ತಕ್ಕಡಿಯ ಶಕ್ತಿ ಮೀರಿದ ಭಾರ, ನಡುವೆ ಕಿತ್ತ ಕೇಬಲ್ ಎಲ್ಲವನ್ನೂ ಪರೀಕ್ಷಿಸಬೇಕು.

ನಾಲ್ಕನೆಯದು, ಮಾಡಿದ ಊಹೆಯನ್ನು ಬಚ್ಚಿಡದಿರುವುದು. ಇಲ್ಲಿ ಕೈಪಿಡಿ ಅಸ್ಪಷ್ಟ, ಇಂಥ ಮಾದರಿಯ ತಕ್ಕಡಿಯಲ್ಲಿ ಇಂಥ ದಿನ ಪರೀಕ್ಷಿಸಿದಾಗ ಹೀಗೆ ಕಂಡಿತು, ಆದ್ದರಿಂದ ಹೀಗೆ ಬರೆದಿದೆ ಎಂದು ಪ್ರೋಗ್ರಾಮಿನ ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿ ಹಾಕುವುದು. ಊಹೆಗಳು ಹತ್ತು ಕಡೆ ಚೆಲ್ಲಾಡದೆ ಒಂದೇ ಕಡೆ ಇದ್ದರೆ ಹೊಸ ಮಾದರಿ ಬಂದಾಗ ತಿದ್ದುವುದು ಸುಲಭ. 1991ರಲ್ಲಿ ಆರಂಭವಾಗಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ 'ವಿಲಕ್ಷಣ ಸಾಧನಗಳು' ಎಂಬರ್ಥದ ಹೆಸರಿನ ಒಂದು ಕಡತವೇ ಇದೆ. ಮಾನಕವನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಂಡ ಯುಎಸ್‌ಬಿ ಸಂಗ್ರಹ ಸಾಧನಗಳ ಪಟ್ಟಿ ಅದರಲ್ಲಿದೆ. ಯಾವ ಸಾಧನಕ್ಕೆ ಯಾವ ವಿನಾಯಿತಿ ಕೊಡಬೇಕೆಂಬುದೂ ಅಲ್ಲಿಯೇ. ಊರಿನ ಪುರೋಹಿತರ ಬಳಿ ಯಾವ ಮನೆಗೆ ಯಾವ ಪದ್ಧತಿ ಎಂಬ ಪಟ್ಟಿ ಇರುವಂತೆ!

ಐದನೆಯದು ಎಲ್ಲಕ್ಕಿಂತ ಮುಖ್ಯ. ಸಂಶಯ ಬಂದರೆ ಅಂಕಿ ಕೊಡಬಾರದು. ಸ್ಥಿರ ಗುರುತು ಬಾರದಿದ್ದರೆ, ಮಾನ ತಿಳಿಯದಿದ್ದರೆ, ಸಾಲು ತುಂಡಾಗಿದ್ದರೆ, ಒಂದೆರಡು ಸೆಕೆಂಡಿನಿಂದ ತಕ್ಕಡಿ ಸುಮ್ಮನಿದ್ದರೆ ಪರದೆ ಖಾಲಿಯಾಗಬೇಕು. ಹಿಂದಿನ ಅಂಕಿಯನ್ನಾಗಲಿ, ಅಂದಾಜನ್ನಾಗಲಿ ತೋರಿಸಬಾರದು. ಖಾಲಿ ಪರದೆ ಕಂಡರೆ ಯಾರಾದರೂ ಏನಾಯಿತೆಂದು ಕೇಳುತ್ತಾರೆ. ತಪ್ಪು ಅಂಕಿ ಕಂಡರೆ ಕೇಳಲು ಯಾರಿಗೂ ಕಾರಣವೇ ಕಾಣುವುದಿಲ್ಲ.

ಮುದ್ರೆಯ ಆಚೆ

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ವ್ಯಾಪಾರಕ್ಕೆ ಬಳಸುವ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಹಾಕಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮರುಪರೀಕ್ಷೆ. ಆ ಮುದ್ರೆ ತಕ್ಕಡಿ ಸರಿಯಾಗಿ ತೂಗುತ್ತದೆ ಎಂಬುದಕ್ಕೆ ಸಾಕ್ಷಿ. ತಕ್ಕಡಿ ಹೇಳಿದ್ದನ್ನು ತಂತಿಯ ಆಚೆಯ ದುಭಾಷಿ ಸರಿಯಾಗಿ ಕೇಳಿಸಿಕೊಂಡ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗಲಾರದು. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಬೆಲೆ ಗಣಕದ ಪರದೆಯ ಮೇಲೆ ಮೂಡುವ ಕಾಲದಲ್ಲಿ ತೂಕವೂ ಅದೇ ದಾರಿ ಹಿಡಿಯುವುದು ಸಹಜ. ಕೈಬರಹದ ತಪ್ಪು, ಕೈಚಳಕ ಎರಡನ್ನೂ ತಪ್ಪಿಸುವ ಆ ದಾರಿ ಒಳ್ಳೆಯದೇ. ದಾರಿಯ ನಡುವಿನ ಸೇತುವೆ ಗಟ್ಟಿಯಾಗಿರಬೇಕು, ಅಷ್ಟೆ.

ಮಾಲು ತಂದವರಿಗೆ ಬೈಟು, ಬಿಟ್ಟುಗಳ ಗೊಡವೆ ಬೇಕಾಗಿಲ್ಲ. ಮೂರು ಸಂಗತಿಗಳನ್ನು ಗಮನಿಸಿದರೆ ಸಾಕು. ಚೀಲ ಇಡುವ ಮೊದಲು ತಕ್ಕಡಿಯೂ ಗಣಕದ ಪರದೆಯೂ ಸೊನ್ನೆ ತೋರಿಸುತ್ತಿವೆಯೇ? ಅಂಕಿ ನಿಂತ ಮೇಲೆ ತಕ್ಕಡಿಯ ಮುಖದ ಮೇಲಿನದೂ ಚೀಟಿಯಲ್ಲಿ ಅಚ್ಚಾದದ್ದೂ ಬಿಂದುವಿನ ನಂತರದ ಅಂಕಿ ಸಹಿತ ಒಂದೇ ಆಗಿವೆಯೇ? ಚೀಲದ ತೂಕವನ್ನು ಎಲ್ಲಿ, ಎಷ್ಟು ಸಲ ಕಳೆಯಲಾಗಿದೆ? ಹಾಲು ಹಾಕುವವರು ಚೀಟಿಯಲ್ಲಿ ಕಿಲೋ ಎಂದಿದೆಯೋ ಲೀಟರ್ ಎಂದಿದೆಯೋ ನೋಡಿಕೊಳ್ಳಬೇಕು.

ಅಟ್ಟದ ಮೇಲಿನ ಕಾಯಿ ಒಣಗಿದೆಯೇ ಎಂದು ತಿಳಿಯಲು ಈ ಸೀಮೆಯವರು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ, ಗಿಟುಕು ಲೊಡಲೊಡ ಎಂದರೆ ಸುಲಿಯಲು. ಹೊರಗಿನ ಸಿಪ್ಪೆಯ ಬಣ್ಣ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ. ತಕ್ಕಡಿಯ ಕೈಪಿಡಿ ಹಿಡಿದು ಕೂತವರೂ ಕಲಿಯಬೇಕಾದ ಪಾಠ ಅದೇ ಇದ್ದೀತು.